450 ವ್ಯಾಟ್ ಎಸ್‌ಎಂಪಿಎಸ್‌ಗೆ ಆರ್‌ಟಿಎಕ್ಸ್ 4060 ಹಾಕಬಹುದೇ?

ಪ್ರಶ್ನೆ: ನನ್ನ ಪಿಸಿಯಲ್ಲಿ ಐ5-10400ಎಫ್ ಪ್ರೊಸೆಸರ್ ಮತ್ತು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇವೆ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) 450 ವ್ಯಾಟ್. ಹಳೆಯ ಕಾರ್ಡಿನ ಬದಲು ಆರ್‌ಟಿಎಕ್ಸ್ 4060 ಹಾಕುವ ಯೋಚನೆ ಇದೆ, ಆದರೆ ಎನ್‌ವಿಡಿಯಾ 550 ವ್ಯಾಟ್ ಬೇಕು ಅನ್ನುತ್ತದೆ. ಎಸ್‌ಎಂಪಿಎಸ್ ಕೂಡ ಬದಲಿಸಲೇಬೇಕಾ?

ಉತ್ತರ: 450 ಅನ್ನುವ ಅಂಕಿ ನೋಡಿ ಹೇಳಲಾಗದು. ಕೇಸಿನ ಪಕ್ಕದ ಮುಚ್ಚಳ ಬಿಚ್ಚಿ, ಎಸ್‌ಎಂಪಿಎಸ್ ಮೈಗೆ ಅಂಟಿಸಿರುವ ಚೀಟಿ ಓದಿ. ಅದರಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ ಬರೆದಿದೆ ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ.

ಲೆಕ್ಕ ಹೀಗೆ. 4060ಗೆ 115 ವ್ಯಾಟ್. 10400ಎಫ್ ಕಾಗದದ ಮೇಲೆ 65 ವ್ಯಾಟ್ ಆದರೂ ಟರ್ಬೊ ವೇಗಕ್ಕೆ ಏರಿದಾಗ 134ರವರೆಗೆ ಎಳೆಯಬಲ್ಲದು. ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ 50 ಇಡಿ. ಒಟ್ಟು ಸುಮಾರು 300 ವ್ಯಾಟ್. 12ರಿಂದ ಭಾಗಿಸಿದರೆ 25 ಆಂಪ್. ಕಾರ್ಡು ಮಿಲಿಸೆಕೆಂಡುಗಳ ಮಟ್ಟಿಗೆ ಇನ್ನೂ ಮೇಲಕ್ಕೆ ಚಿಮ್ಮುತ್ತದೆ, ಹಾಗಾಗಿ 30 ಆಂಪ್‌ಗಿಂತ ಕಡಿಮೆ ಇದ್ದರೆ ಬೇಡ. ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 35ಕ್ಕೂ ಹೆಚ್ಚು ಇರುತ್ತದೆ, ಧೈರ್ಯವಾಗಿ ಹಾಕಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದವುಗಳಲ್ಲಿ ಕೆಲವೊಮ್ಮೆ 18 ಆಂಪ್ ಇರುತ್ತದೆ, ಅಂದರೆ ಬರೀ 216 ವ್ಯಾಟ್. ಹೆಸರಿಗಷ್ಟೇ 450! 12ವಿ1, 12ವಿ2 ಎಂದು ಎರಡು ಸಾಲಿದ್ದರೆ ಕೂಡಿಸಬೇಡಿ, ಎರಡಕ್ಕೂ ಸೇರಿಸಿ ಕೊಟ್ಟ ವ್ಯಾಟ್ ಮಿತಿಯನ್ನೇ ನೋಡಿ. ಎನ್‌ವಿಡಿಯಾ 550 ಅನ್ನುವುದೂ ಇದಕ್ಕೇ: ನಿಮ್ಮ ಎಸ್‌ಎಂಪಿಎಸ್ ಯಾವ ಜಾತಿಯದೋ ಅವರಿಗೆ ತಿಳಿಯದು.

ಇನ್ನು ತಂತಿ. ಅನೇಕ 1650ಗಳು ಬೇಕಾದ 75 ವ್ಯಾಟನ್ನು ಮದರ್‌ಬೋರ್ಡಿನ ಸ್ಲಾಟಿನಿಂದಲೇ ಪಡೆಯುತ್ತವೆ, ಆದ್ದರಿಂದ ಕಾರ್ಡಿಗೆಂದೇ ಇರುವ 6+2 ಪಿನ್ ಕೇಬಲ್ ನಿಮ್ಮಲ್ಲಿದೆಯೇ ಎಂದು ಈವರೆಗೆ ನೋಡುವ ಪ್ರಸಂಗವೇ ಬಂದಿರಲಿಕ್ಕಿಲ್ಲ. 4060ಗೆ ಸಾಮಾನ್ಯವಾಗಿ ಒಂದು 8 ಪಿನ್ ಬೇಕು. ಪ್ರೊಸೆಸರಿಗೆ ಹೋಗುವ 4+4 ಪಿನ್ ನೋಡಲು ಹಾಗೇ ಇರುತ್ತದೆ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಒತ್ತಿ ತುರುಕಿದರೆ ಕಾರ್ಡು ಸುಟ್ಟೀತು. 6+2 ಕೇಬಲ್ಲೇ ಇಲ್ಲದಿದ್ದರೆ ಸಾಟಾ ಕನ್ವರ್ಟರ್ (ಹಾರ್ಡ್ ಡಿಸ್ಕಿನ ಪವರ್ ತಂತಿಯನ್ನು 8 ಪಿನ್ನಿಗೆ ಬದಲಿಸುವುದು) ತರಬೇಡಿ: ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್, 8 ಪಿನ್ನಿನ ಲೆಕ್ಕ 150. ಪ್ಲಾಸ್ಟಿಕ್ ಕರಗುವುದು ಅಲ್ಲಿಂದಲೇ. ಆ ಕೇಬಲ್ ಕೊಡದ ಎಸ್‌ಎಂಪಿಎಸ್ ಇಂಥ ಕಾರ್ಡಿಗಾಗಿ ಮಾಡಿದ್ದಲ್ಲ, ಬದಲಿಸಿ. ಹೊಸದು ಮಾಡ್ಯುಲರ್ (ಕೇಬಲ್ ಬಿಚ್ಚಿ ಜೋಡಿಸುವಂಥದ್ದು) ಆಗಿದ್ದರೆ ಹಳೆಯದರ ಕೇಬಲ್ ಅದಕ್ಕೆ ಚುಚ್ಚಬೇಡಿ, ಪಿನ್‌ಗಳ ಕ್ರಮ ಕಂಪನಿಗೊಂದು ಥರ.

10400ಎಫ್‌ನಲ್ಲಿ ಪಿಸಿಐಇ (ಕಾರ್ಡು ಮತ್ತು ಪ್ರೊಸೆಸರ್ ನಡುವಿನ ದಾರಿ) ಹಳೆಯ 3.0 ಮಾತ್ರ, 4060 ಬಳಸುವುದು ಅದರ ಎಂಟೇ ಲೇನ್. ಸಾಮಾನ್ಯವಾಗಿ ವ್ಯತ್ಯಾಸ ಅತ್ಯಲ್ಪ. ಟೆಕ್ಸ್ಚರ್ ಅಲ್ಟ್ರಾಗೆ ಏರಿಸಿ 8 ಜಿಬಿ ಮೆಮೊರಿ ತುಂಬಿದಾಗ ಮಾತ್ರ ಆಟ ತಡವರಿಸುತ್ತದೆ. ಒಂದು ಹಂತ ಇಳಿಸಿದರೆ ಸರಿ. ಕಾರ್ಡಿನ ಉದ್ದವನ್ನೂ ಅಳೆದುಕೊಳ್ಳಿ: ಎರಡು ಫ್ಯಾನಿನವು 200ರಿಂದ 250 ಮಿಲಿಮೀಟರ್, ಮೂರು ಫ್ಯಾನಿನವು 300 ದಾಟಬಹುದು.

ಜೋಡಿಸುವಾಗ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಸ್ಲಾಟಿನ ತುದಿಯ ಕ್ಲಿಪ್ ಬಿಡಿಸದೆ ಹಳೆಯ ಕಾರ್ಡ್ ಎಳೆದರೆ ಸ್ಲಾಟೇ ಮುರಿಯಬಹುದು. ಎರಡೂ ಎನ್‌ವಿಡಿಯಾ ಆದ್ದರಿಂದ ಹೊಸ ಡ್ರೈವರ್ ಹಾಕುವಾಗ ಕ್ಲೀನ್ ಇನ್‌ಸ್ಟಾಲ್ ಟಿಕ್ ಮಾಡಿದರೆ ಸಾಕು. ಪರದೆ ಕಪ್ಪಾಗಿಯೇ ಉಳಿದರೆ ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಹೋಗಿದೆಯೇ ನೋಡಿ. ‘ಎಫ್’ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ, ಅಲ್ಲಿಂದ ಚಿತ್ರ ಬರುವುದೇ ಇಲ್ಲ.

ಎಲ್ಲ ಸರಿಹೋದ ಮೇಲೂ ಭಾರಿ ದೃಶ್ಯ ಬಂದಾಗ ಇಡೀ ಪಿಸಿ ಫಟ್ಟನೆ ರೀಸ್ಟಾರ್ಟ್ ಆದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಆಟ ಮಾತ್ರ ಮುಚ್ಚಿಕೊಂಡು ವಿಂಡೋಸ್ ಉಳಿದರೆ ಮೊದಲು ಡ್ರೈವರ್ ನೋಡಿ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇಕಡಾ 80ಕ್ಕೆ ಇಳಿಸಿ ಅದೇ ದೃಶ್ಯ ಮತ್ತೆ ಆಡಿ. ರೀಸ್ಟಾರ್ಟ್ ನಿಂತರೆ ಹೊಸ 550 ತರುವ ಹೊತ್ತಾಯಿತು.