ಬೈಕಿನ ಫ್ಯೂಯಲ್ ಸೆಂಡರ್: ಪೆಟ್ರೋಲಿನ ಲೆಕ್ಕ ಓಮ್ಸ್‌ನಾಗ

ಟಾಕಿಯೊಳಗ ಪೆಟ್ರೋಲ್ ಎಷ್ಟದ ಅಂತ ಮೀಟರಿಗೆ ಹೇಳೋ ಭಾಗಕ್ಕ ಫ್ಯೂಯಲ್ ಸೆಂಡರ್ ಅಂತಾರ. ಅದ್ರಾಗ ಪೆಟ್ರೋಲ್ ಮ್ಯಾಲ ತೇಲೋ ಒಂದು ಫ್ಲೋಟ್ ಇರ್ತದ, ಅದಕ್ಕ ಒಂದು ತಂತಿ ತೋಳು, ತೋಳಿನ ಇನ್ನೊಂದು ಕಡೆ ವೈಪರ್, ಅಂದ್ರ ಪಟ್ಟಿಗೆ ತಾಗಿ ಸರಿಯೋ ತುದಿ. ಪೆಟ್ರೋಲ್ ಇಳಿದಂಗ ಫ್ಲೋಟ್ ಇಳೀತದ, ವೈಪರ್ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಪಟ್ಟಿ ಮ್ಯಾಲ ಸರೀತದ, ಆ ಅಡ್ಡಿ ಅಳಿಯೋದು ಓಮ್ಸ್‌ನಾಗ. ಹಳೇ ರೇಡಿಯೋದ ವಾಲ್ಯೂಮ್ ಬಟನ್ ಬಿಚ್ಚಿ ನೋಡಿದ್ರ ಅದ್ರೊಳಗೂ ಇದೇ ಕೆಲಸ ನಡೀತಿರ್ತದ.

ಭಾಳ ಗಾಡಿಯೊಳಗ ಟಾಕಿ ಫುಲ್ ಇದ್ದಾಗ ಓಮ್ಸ್ ಕಡಿಮಿ, ಖಾಲಿ ಆದಂಗ ಜಾಸ್ತಿ, ಕೆಲವುದ್ರಾಗ ಉಲ್ಟಾ ಇರ್ತದ, ಅದಕ್ಕ ನಿಮ್ಮ ಗಾಡಿ ಮ್ಯಾನ್ಯುಅಲ್ ಮೊದಲ ನೋಡ್ರಿ. ಲೆಕ್ಕಕ್ಕ ಫುಲ್ 10, ಖಾಲಿ 100 ಓಮ್ಸ್ ಅಂತ ಹಿಡೀರಿ. ಡಿಜಿಟಲ್ ಮೀಟರ್ 5 ವೋಲ್ಟನ್ನ ಒಳಗಿನ 100 ಓಮ್ಸ್ ರೆಸಿಸ್ಟರ್ ಮೂಲಕ ಸೆಂಡರಿಗೆ ಕೊಡ್ತದ ಅಂತಿಟ್ಕೊಳ್ರಿ, ಎರಡೂ ಸೀರೀಸ್‌ನಾಗ (ಒಂದರ ಹಿಂದ ಒಂದು) ಅವ, ಅಂದ್ರ ವೋಲ್ಟೇಜ್ ಡಿವೈಡರ್ ಆಯ್ತು, 5 ವೋಲ್ಟ್ ಎರಡಕ್ಕೂ ಅವುಗಳ ಓಮ್ಸ್ ಪ್ರಕಾರ ಹಂಚಿ ಹೋಗ್ತದ. ಸೆಂಡರ್ ಪಾಲಿಗೆ ಬರೋದು, ಫುಲ್ ಇದ್ದಾಗ 5 × 10/110, ಸುಮಾರು 0.45 ವೋಲ್ಟ್. ಖಾಲಿ ಇದ್ದಾಗ 5 × 100/200, 2.5 ವೋಲ್ಟ್. ಮೀಟರ್ ಈ ವೋಲ್ಟೇಜ್ ನೋಡೇ ಪರದೆ ಮ್ಯಾಲ ಪೆಟ್ರೋಲಿನ ಕಡ್ಡಿ ತೋರಸ್ತದ. ಆ 100 ಓಮ್ಸ್ ಇರೋದ್ರಿಂದ ಕರೆಂಟೂ 50 ಮಿಲಿಆಂಪ್ ದಾಟಂಗಿಲ್ಲ, ಪೆಟ್ರೋಲ್ ಹತ್ರ ಕಿಡಿ ಹಾರಬಾರ್ದಲ್ಲ, ಟಾಕಿ ಒಳಗ ಹೋಗೋ ವೈರಿಗೆ ಇದು ಭಾಳ ಮುಖ್ಯ.

ಈಗ ಜಂಗ್ ಹಿಡಿದ ಕಪ್ಲರ್ (ವೈರ್ ಜೋಡಿಸೋ ಸಾಕೆಟ್) 20 ಓಮ್ಸ್ ಸೇರಿಸ್ತು ಅನ್ರಿ. ಫುಲ್ ಟಾಕಿಗೆ 30 ಓಮ್ಸ್ ಕಾಣ್ತದ, ಮೀಟರ್ ಸುಮಾರು ಮುಕ್ಕಾಲು ಅಂತದ. ಇಂಥಾ ಗಾಡಿಯೊಳಗ ವೈರೇ ಕಡದ್ರ ಸೀದಾ ಖಾಲಿ, ವೈರ್ ಬಾಡಿಗೆ ತಾಗಿದ್ರ ಯಾವಾಗ್ಲೂ ಫುಲ್.

ನಂದೇ ಗಾಡಿ ಹಿಂಗಾಗಿತ್ತು. ಸೇಡಂ ರೋಡಿನ ಧೂಳಿನಾಗ ದಿನಾ ಓಡಾಡೋ ಗಾಡಿ, ಟಾಕಿ ತುಂಬಿಸಿದ್ರೂ ಎರಡು ಕಡ್ಡಿ ಕಮ್ಮಿ ತೋರಸ್ತಿತ್ತು. ಸೆಂಡರ್ ಹೋಗ್ಯಾದ, ಹೊಸದು ಹಾಕ್ಬೇಕು ಅಂತ ಮೆಕ್ಯಾನಿಕ್ ಹೇಳಿದ್ದ. ಕಲಬುರಗಿ ಬಿಸಿಲಿಗಿಂತ ಮೊದಲ, ಮುಂಜಾನಿ ಗಾಳಿ ಆಡೋ ಜಾಗದಾಗ, ಚಾವಿ ಆಫ್ ಮಾಡಿ ಕಪ್ಲರ್ ಬಿಚ್ಚಿ ಓಮ್ಸ್ ಅಳಿಯೋ ಮಲ್ಟಿಮೀಟರ್ ಹಚ್ಚಿದೆ. ಸೆಂಡರ್ ಕಡೆ 11 ಓಮ್ಸ್, ಏನೂ ತಪ್ಪಿಲ್ಲ. ಅರ್ಥಿಂಗ್ ವೈರಿಂದ ಚಾಸಿಗೆ (ಗಾಡಿ ಫ್ರೇಮಿಗೆ) ನೋಡಿದ್ರ 20ರ ಮ್ಯಾಲ, ಅದೂ ವೈರ್ ಅಲುಗಾಡಿಸಿದಂಗ ಬದಲಾಗ್ತಿತ್ತು. ಪಿನ್ನಿನ ಮ್ಯಾಲ ಹಸಿರು ಪುಡಿ ಕುಂತಿತ್ತು, ಕೆರೆದು ಸಾಫ್ ಮಾಡಿದ ಮ್ಯಾಲ ಫುಲ್ ಕಡ್ಡಿ ಬಂತು.

ಇನ್ನೊಂದು ಮಾತು, ಫ್ಲೋಟಿಗೆ ಗೊತ್ತಾಗೋದು ಪೆಟ್ರೋಲಿನ ಎತ್ತರ ಅಷ್ಟೇ. ಬೈಕ್ ಟಾಕಿ ಕೆಳಗ ಫ್ರೇಮಿನ ಸಲುವಾಗಿ ಒಳಗ ಉಬ್ಬಿರ್ತದ, ಅದಕ್ಕ ಮೊದಲ ಅರ್ಧ ನಿಧಾನ, ಕಡೀ ಅರ್ಧ ಗಡಬಡಿಯಿಂದ ಇಳಿದಂಗ ಕಾಣ್ತದ. ಸ್ಪೀಡ್ ಬ್ರೇಕರ್ ಮ್ಯಾಲ ಕಡ್ಡಿ ಕುಣೀಬಾರ್ದಂತ ಮೀಟರ್ ಸ್ವಲ್ಪ ಹೊತ್ತಿನ ಸರಾಸರಿ ತಗೋತದ, ಪೆಟ್ರೋಲ್ ಹಾಕಿಸಿದ ಕೂಡ್ಲೇ ಕೆಲವು ಗಾಡಿಯೊಳಗ ಕಡ್ಡಿ ಏರಂಗಿಲ್ಲ, ಅದಕ್ಕ ಇದೇ ಕಾರಣ.