ಕಂಪ್ಯೂಟರ್ ಕೊಳ್ಳಲು ದುಡ್ಡಿದೆ, ಕಾಯಲು?

ಕಡತಗಳಿಗೆ ಬೀಗ ಜಡಿದು ಕೀಲಿಗೆ ಹಣ ಕೇಳುವ ರ‍್ಯಾನ್ಸಮ್‌ವೇರ್ ದಂಧೆ 1989ರಷ್ಟು ಹಳೆಯದು. ಏಡ್ಸ್ ಮಾಹಿತಿಯ ಹೆಸರಲ್ಲಿ ಅಂಚೆ ಮೂಲಕ ಹಂಚಿದ ಫ್ಲಾಪಿಗಳು ಕಂಪ್ಯೂಟರ್ ಕೆಡಿಸಿ, ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಲು ಹೇಳಿದ್ದವು. ವಸೂಲಿಯೇ ಕಷ್ಟವಾಗಿದ್ದರಿಂದ ದಂಧೆ ಬಹುಕಾಲ ಬೆಳೆಯಲಿಲ್ಲ. 2013ರಲ್ಲಿ ಕ್ರಿಪ್ಟೋಲಾಕರ್ ಎಂಬ ರ‍್ಯಾನ್ಸಮ್‌ವೇರ್ ಡಿಜಿಟಲ್ ಹಣವಾದ ಬಿಟ್‌ಕಾಯಿನ್ ಕೇಳತೊಡಗಿದ ಮೇಲೆ ಕುದುರಿಕೊಂಡಿತು.

ಕಲಬುರಗಿ, ಬೀದರ್, ಯಾದಗಿರಿ ಕಡೆ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 2000ರ ನಂತರ, ಮೊದಲು ಮಾಹಿತಿ ಸಿಂಧು, ಆಮೇಲೆ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಗಳಲ್ಲಿ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಜಾರಿಯಾದ ಮೇಲೆ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಸೇರಿತು. ಪೆಟ್ಟಿಗೆ ಇಳಿಸಿಕೊಂಡು, ಫೋಟೊ ತೆಗೆಸಿಕೊಂಡು, ದಾಸ್ತಾನು ವಹಿಯಲ್ಲಿ ಬರೆದರೆ ಯೋಜನೆ ಮುಗಿದಂತೆ. ಯುಪಿಎಸ್ ಬ್ಯಾಟರಿ ಸತ್ತರೆ ಹೊಸದಕ್ಕೆ ಹಣ ಎಲ್ಲಿಂದ ಎಂಬುದಕ್ಕೇ ಸರಿಯಾದ ಉತ್ತರ ಇರಲಿಲ್ಲ. ಇನ್ನು ಸಾಫ್ಟ್‌ವೇರ್ ಅಪ್‌ಡೇಟ್ ಕೇಳುವವರು ಯಾರು?

ಆ ಕಾಲದ ವೈರಸ್ ಸಾಧುಪ್ರಾಣಿ. ಕನ್ನಡದ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಪೆನ್‌ಡ್ರೈವ್‌ನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಝೆರಾಕ್ಸ್ ಅಂಗಡಿಗೆ ಹೋಗಿಬರುವಷ್ಟರಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ‘ಫಾರ್ಮ್ಯಾಟ್ ಹೊಡದ್ರ ಆಯ್ತು ಬಿಡ್ರಿ’ ಅನ್ನುವುದು ಎಲ್ಲದಕ್ಕೂ ಮದ್ದು. ಮತ್ತೆ ಹಾಕುವ ವಿಂಡೋಸ್ ಬಹುಪಾಲು ನಕಲಿ ಪ್ರತಿ. ಸಿಕ್ಕಿಬೀಳುತ್ತದೆಂಬ ಭಯಕ್ಕೆ ಅಪ್‌ಡೇಟ್ ಬಂದ್. ಅಸಲಿ ಇದ್ದ ಕಡೆಯೂ ಡೇಟಾ ಖರ್ಚಾಗುತ್ತದೆ, ನುಡಿ ಓಡುವುದಿಲ್ಲ ಎಂದು ಬಂದ್. ಇದನ್ನು ಸೋಮಾರಿತನ ಎನ್ನಲಾರೆ. ಅಂದಿನ ಇಂಟರ್‌ನೆಟ್ ವೇಗಕ್ಕೆ ಅದು ವ್ಯವಹಾರಜ್ಞಾನವೇ ಆಗಿತ್ತು.

ಅದೇ ಅಭ್ಯಾಸ ಎಷ್ಟು ದುಬಾರಿ ಎಂದು 2017ರ ಮೇ 12ರಂದು ಜಗತ್ತಿಗೆ ಗೊತ್ತಾಯಿತು. ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೊಕ್ಕಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಫೈಲ್ ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯ ಒಂದು ಬಿರುಕಿನಿಂದ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹರಡುತ್ತಿತ್ತು. ಬಿರುಕು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಎಲ್ಲರೂ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ದೂರಿದರು, ಆದರೆ ಹೆಚ್ಚಾಗಿ ಸಿಕ್ಕಿಬಿದ್ದದ್ದು ಅಪ್‌ಡೇಟ್ ಆಗದ ವಿಂಡೋಸ್ 7. ಇಪ್ಪತ್ತು ಕಂಪ್ಯೂಟರ್‌ಗಳನ್ನು ಒಂದೇ ಸ್ವಿಚ್‌ಗೆ ಜೋಡಿಸಿದ ಶಾಲಾ ಲ್ಯಾಬ್‌ನಂಥ ಜಾಗ ಅದಕ್ಕೆ ಹೇಳಿಮಾಡಿಸಿದ್ದು. ಫಾರ್ಮ್ಯಾಟ್ ಹೊಡೆದರೆ ವೈರಸ್ ಹೋಗುತ್ತದೆ ನಿಜ, ಜೊತೆಗೆ ಅಂಕಪಟ್ಟಿಯೂ ಹೋಗುತ್ತದೆ.

ಆಮೇಲೆ ಗುರಿ ನೇರವಾಗಿ ವಿಶ್ವವಿದ್ಯಾಲಯ, ಶಾಲೆ, ಆಸ್ಪತ್ರೆಗಳ ಮೇಲೆ ಬಿತ್ತು. 2019ರ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯ 30 ಬಿಟ್‌ಕಾಯಿನ್ ತೆತ್ತಿತು. 2022ರಲ್ಲಿ ಲಾಸ್ ಏಂಜಲಿಸ್‌ನ ಶಾಲಾಡಳಿತ ತೆರಲಿಲ್ಲ, ಕಳ್ಳರು ದಾಖಲೆಗಳನ್ನು ಬಯಲಿಗೆ ಹಾಕಿದರು. ಅದೇ ವರ್ಷ ದೆಹಲಿಯ ಏಮ್ಸ್ ದಿನಗಟ್ಟಲೆ ಕಾಗದ-ಪೆನ್ನಿನ ಮೇಲೆ ನಡೆಯಿತು. ಬೀಗ ಹಾಕುವ ಮೊದಲೇ ಪ್ರತಿ ಕದ್ದೊಯ್ಯುವುದು ಈಗಿನ ರೀತಿ, ಹಾಗಾಗಿ ಬ್ಯಾಕಪ್ ಇದ್ದರೂ ಪೂರ್ತಿ ನಿಶ್ಚಿಂತೆಯಿಲ್ಲ. ಬ್ಯಾಕಪ್ಪೇ ಇಲ್ಲದಿದ್ದರೆ ಮಾತೇ ಬೇಡ. ಸದಾ ಕಂಪ್ಯೂಟರ್‌ಗೇ ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕ್ ಕೂಡ ಬ್ಯಾಕಪ್ ಅಲ್ಲ, ಅದಕ್ಕೂ ಬೀಗ ಬೀಳುತ್ತದೆ.

ನಿಯಮಗಳೇನೋ ಬಂದಿವೆ. ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನಲ್ಲೇ ನಿರ್ದೇಶನವಾಗಿದೆ. ಕಾಲೇಜು ಪ್ರವೇಶ, ಪರೀಕ್ಷೆಗಳು ರಾಜ್ಯದ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಹೋದದ್ದರಿಂದ ಕಚೇರಿಯ ಹಳೆಯ ಪಿಸಿಯ ಭಾರ ಇಳಿದಿದೆ, ಪಾಸ್‌ವರ್ಡ್‌ನ ಭಾರ ಏರಿದೆ. ಅತಿಥಿ ಉಪನ್ಯಾಸಕರು, ಗುತ್ತಿಗೆ ಆಪರೇಟರ್‌ಗಳ ಮೇಲೆ ನಡೆಯುವ ಕಾಲೇಜಿನಲ್ಲಿ ಒಬ್ಬರು ಬಿಟ್ಟುಹೋದಾಗ ಪಾಸ್‌ವರ್ಡ್ ಬದಲಿಸುವುದು ಯಾರ ಕೆಲಸ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ಮುಗಿದಿದೆ. ಶಿಕ್ಷಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳಿಗೆ ಇಟ್ಟ ದರ ಮೊದಲ ವರ್ಷ ಕಂಪ್ಯೂಟರ್‌ಗೆ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಇಪ್ಪತ್ತು ಯಂತ್ರಗಳ ಲ್ಯಾಬ್‌ಗೆ ಮೊದಲ ವರ್ಷದ ಖರ್ಚು ಎರಡು ಸಾವಿರ ರೂಪಾಯಿಯ ಆಸುಪಾಸು. ಮುಖ್ಯಶಿಕ್ಷಕರು ಆ ಬಿಲ್ಲನ್ನು ಯಾವ ಲೆಕ್ಕಶೀರ್ಷಿಕೆಗೆ ಹಾಕಬೇಕೆಂದು ಮೊದಲು ಯಾರಾದರೂ ಬರೆದುಕೊಡಬೇಕು.