ಸತ್ಯನಾರಾಯಣ ಪೂಜೆಯನ್ನು ಹುಡುಕಿ ಹೊರಟ ಶೆಲ್

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಡಿಟಿಪಿ ಅಂಗಡಿಗೆ ನಾನೊಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಆಮಂತ್ರಣದ ಚಿತ್ರಗಳನ್ನು ಒಂದು ಫೋಲ್ಡರಿಗೆ ಹಾಕಿದರೆ ಸಾಕು, ಎಲ್ಲ ಪಿಡಿಎಫ್ ಆಗಬೇಕು. ಚಿತ್ರ ಬದಲಿಸುವುದು ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದ 'ಕನ್ವರ್ಟ್' ಕಮಾಂಡಿನ ಕೆಲಸ. ನನ್ನ ಪ್ರೋಗ್ರಾಂ ಅದನ್ನು ಕರೆಯುತ್ತದೆ, ಅಷ್ಟೇ. ಫೈಲಿನ ಹೆಸರಿನಲ್ಲಿ ಸ್ಪೇಸ್ ಹಾಕಬೇಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿಟ್ಟಿದ್ದೆ. ತಪ್ಪಿನ ವಾಸನೆ ಅಲ್ಲೇ ಇತ್ತು, ನನ್ನ ಮೂಗಿಗೆ ಬಡಿಯಲಿಲ್ಲ.

ಬ್ರಹ್ಮಕಲಶ, ಮದುವೆ, ಉಪನಯನಗಳ ಸೀಸನ್. ಎರಡು ವಾರ ಚೆನ್ನಾಗಿ ಓಡಿತು. ಆಮೇಲೊಂದು ಬೆಳಿಗ್ಗೆ ಫೋನ್ ಬಂತು: "ಎಂತ ಮಾರಾಯ, ಒಂದು ಕಾಗದ ಮಾತ್ರ ಆಗ್ತಾ ಇಲ್ಲ."

ಹೋಗಿ ನೋಡಿದೆ. ಫೈಲಿನ ಹೆಸರು 'ಗೃಹಪ್ರವೇಶ&ಸತ್ಯನಾರಾಯಣಪೂಜೆ.ಜೆಪಿಜಿ'. ನಡೆದದ್ದನ್ನೆಲ್ಲ ಬರೆದಿಡುವ ಲಾಗ್‌ನಲ್ಲಿ ಕಣ್ಣಿಗೆ ಬಿದ್ದ ಸಾಲು: 'ಸತ್ಯನಾರಾಯಣಪೂಜೆ.ಜೆಪಿಜಿ: ಕಮಾಂಡ್ ನಾಟ್ ಫೌಂಡ್'. ನಗು ತಡೆಯಲಾಗಲಿಲ್ಲ. ಆ ಹೆಸರಿನ ಪ್ರೋಗ್ರಾಂ ಇದೆಯಾ ಎಂದು ಕಂಪ್ಯೂಟರ್ ಹುಡುಕಿತ್ತು!

ಆದದ್ದು ಇಷ್ಟೆ. ನಾನು 'ಕನ್ವರ್ಟ್' ಎಂಬ ಪದ, ಫೈಲಿನ ಹೆಸರು, ಪಿಡಿಎಫ್‌ನ ಹೆಸರು ಎಲ್ಲವನ್ನೂ ಒಂದೇ ಸಾಲಾಗಿ ಅಂಟಿಸಿ 'ಸಿಸ್ಟಮ್' ಎಂಬ ಫಂಕ್ಷನ್ನಿಗೆ ಕೊಟ್ಟಿದ್ದೆ. ಸಿಸ್ಟಮ್ ತಾನೇ ಕನ್ವರ್ಟನ್ನು ಓಡಿಸುವುದಿಲ್ಲ. ಆ ಸಾಲನ್ನು ಶೆಲ್‌ಗೆ, ಅಂದರೆ ಟೈಪ್ ಮಾಡಿದ ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂಗೆ, ಕೊಡುತ್ತದೆ. & ಕಂಡರೆ ಶೆಲ್ ಏನು ತಿಳಿಯುತ್ತದೆ? 'ಇಲ್ಲಿಗೆ ಒಂದು ಕೆಲಸ ಮುಗಿಯಿತು, ಅದು ಹಿಂದೆ ನಡೆಯುತ್ತಿರಲಿ, ಮುಂದಿನದ್ದು ಶುರುಮಾಡು' ಎಂದು. ಅಮ್ಮ ಕೊಟ್ಟ ಸಾಮಾನಿನ ಚೀಟಿಗೆ ಮಗ ದಾರಿಯಲ್ಲಿ 'ಚಾಕಲೇಟು ಎರಡು' ಎಂದು ಸೇರಿಸಿದರೆ ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು? ನನ್ನ ಪುಣ್ಯಕ್ಕೆ ಸೇರಿದ್ದು ಪೂಜೆ. '; ಆರ್‌ಎಂ *' (ಎಲ್ಲ ಫೈಲ್ ಅಳಿಸು) ಎಂದಿದ್ದರೆ ಫೋಲ್ಡರ್ ಪೂರ್ತಿ ಗುಡಿಸಿ ಹೋಗುತ್ತಿತ್ತು.

ಬೇಸರದ ಸಂಗತಿ ಎಂದರೆ ಸರಿಯಾದ ದಾರಿ ಮೊದಲಿನಿಂದಲೂ ಇತ್ತು. ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ 1971ರ ಮೊದಲ ಕೈಪಿಡಿಯಲ್ಲೇ, ಶೆಲ್ ಇಲ್ಲದೆ ಪ್ರೋಗ್ರಾಂ ಓಡಿಸುವ 'ಎಕ್ಸೆಕ್' ಇದೆ. ಅದಕ್ಕೆ ಪ್ರೋಗ್ರಾಂನ ಹೆಸರನ್ನೂ ಪ್ರತಿಯೊಂದು ಆರ್ಗ್ಯುಮೆಂಟನ್ನೂ (ಪ್ರೋಗ್ರಾಂಗೆ ಕೊಡುವ ಫೈಲಿನ ಹೆಸರಿನಂಥ ಮಾಹಿತಿ) ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಡಬೇಕು. ಪೊಟ್ಟಣದೊಳಗೆ & ಇರಲಿ, ; ಇರಲಿ, ದಾರಿಯಲ್ಲಿ ಯಾರೂ ಬಿಚ್ಚಿ ಓದುವುದಿಲ್ಲ. ಆದರೆ ಬರೆಯುವುದು ಸ್ವಲ್ಪ ಜಾಸ್ತಿ. ಸಿಸ್ಟಮ್‌ಗೆ ಒಂದೇ ಸಾಲು ಸಾಕು. 1979ರ ಏಳನೇ ಆವೃತ್ತಿಯ ಯೂನಿಕ್ಸ್‌ನಲ್ಲಿ ಸಿಸ್ಟಮ್, ಅದರಂತೆಯೇ ಶೆಲ್ ಕರೆಯುವ ಪಿಓಪನ್, ಹೊಸ ಬೋರ್ನ್ ಶೆಲ್ ಎಲ್ಲ ಇದ್ದವು. ಎದುರು ಕೂತು ಟೈಪ್ ಮಾಡುವ ಮನುಷ್ಯನಿಗಾಗಿ ಮಾಡಿದ ಶೆಲ್ಲನ್ನು ಪ್ರೋಗ್ರಾಂಗಳೂ ಕೆಲಸಕ್ಕೆ ಕರೆದವು.

ವೆಬ್ ಬರುವವರೆಗೆ ತೊಂದರೆ ಕೊಡುವವನು ಹೆಚ್ಚಾಗಿ ಆ ಕಂಪ್ಯೂಟರಿನಲ್ಲಿ ಲಾಗಿನ್ ಇದ್ದವನೇ ಆಗಿರುತ್ತಿದ್ದ. ಆಮೇಲೆ ವೆಬ್ ಪುಟದಿಂದ ಸರ್ವರಿನ ಪ್ರೋಗ್ರಾಂ ಓಡಿಸುವ ಸಿಜಿಐ ಬಂತು. ಜಗತ್ತಿನ ಯಾವ ಮೂಲೆಯವನೂ ಫಾರ್ಮ್ ತುಂಬಿದರೆ ಆ ಅಕ್ಷರಗಳು ಸೀದಾ ಶೆಲ್‌ನ ಬಾಗಿಲಿಗೆ. ಆಗಿನ ಎನ್‌ಸಿಎಸ್‌ಎ ಮತ್ತು ಅಪಾಚೆ ವೆಬ್ ಸರ್ವರ್‌ಗಳ ಜೊತೆ 'ಪಿಎಚ್‌ಎಫ್' ಎಂಬ ಮಾದರಿ ಪ್ರೋಗ್ರಾಂ ಬರುತ್ತಿತ್ತು. ಬರೆದವರು ದಡ್ಡರಲ್ಲ. ಅಪಾಯದ ಅಕ್ಷರಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಮುಂದೆ \ ಹಾಕುವ ಫಂಕ್ಷನ್ ಇಟ್ಟಿದ್ದರು. ಪಟ್ಟಿಯಲ್ಲಿ ಒಂದೇ ಒಂದು ಬಿಟ್ಟುಹೋಗಿತ್ತು: ಹೊಸ ಸಾಲು. ವೆಬ್ ವಿಳಾಸದಲ್ಲಿ ಅದನ್ನು ಬರೆಯಲು ಮೂರು ಅಕ್ಷರ ಸಾಕು. ಅಲ್ಲಿಂದ ಮುಂದಿನದ್ದೆಲ್ಲ ಹೊಸ ಕಮಾಂಡ್. ಕಿಡಿಗೇಡಿಗಳು ಪಾಸ್‌ವರ್ಡ್ ಫೈಲನ್ನೇ ಬ್ರೌಸರಿನಲ್ಲಿ ತರಿಸಿಕೊಂಡರು. 1996ರ ಮಾರ್ಚ್‌ನಲ್ಲಿ ಕಂಪ್ಯೂಟರ್ ಸುರಕ್ಷತೆಯ ಸರ್ಟ್ ಸಂಸ್ಥೆ ಎಚ್ಚರಿಕೆ ಹೊರಡಿಸಿತು.

ಇದೇ ಪಟ್ಟಿ ಮಾಡುವ ಚಟ ನನಗೂ ಇತ್ತು. ಪೂಜೆಯ ಪ್ರಸಂಗದ ನಂತರ ನಾನು ಮಾಡಿದ ರಿಪೇರಿ ಏನು ಗೊತ್ತಾ? ಹೆಸರಿನ ಎರಡೂ ಬದಿಗೆ ' ಹಾಕಿದೆ. ಎರಡೇ ದಿನ. ಬೇಳದ ಕಡೆಯಿಂದ ರೋಸ್ ಕಾರ್ಯಕ್ರಮದ (ಕ್ರೈಸ್ತರಲ್ಲಿ ಮದುವೆಗೆ ಮುಂಚಿನ ಶಾಸ್ತ್ರ) ಕಾಗದ ಬಂತು, ಫೈಲಿನ ಹೆಸರು ಶುರುವಾಗುವುದೇ ಡಿ'ಸೋಜ ಎಂದು. ಕೊಟೇಶನ್ ಅಲ್ಲೇ ಮುಗಿಯಿತು, ಶೆಲ್ ಮತ್ತೆ ತಲೆಕೆಡಿಸಿಕೊಂಡಿತು. ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲ ಓಡಾಡುವ ಊರಿನಲ್ಲಿ ಫೈಲಿನ ಹೆಸರು ಹೀಗೇ ಇರಬೇಕು ಎಂದು ಯಾರಿಗೆ ಹೇಳಲಿ?

ಪರ್ಲ್ ಭಾಷೆಯವರು ಬೇರೆ ದಾರಿ ಹಿಡಿದಿದ್ದರು. ಅದರ 'ಟೇಂಟ್ ಮೋಡ್' ಹಾಕಿಕೊಂಡರೆ ಹೊರಗಿನಿಂದ ಬಂದದ್ದೆಲ್ಲ ಮೈಲಿಗೆ. ಪರೀಕ್ಷೆ ಮಾಡಿ, ಬೇಕಾದಷ್ಟನ್ನೇ ಹೆಕ್ಕಿ ತೆಗೆಯುವವರೆಗೆ ಅದನ್ನು ಶೆಲ್ ಮುಟ್ಟಲು ಭಾಷೆಯೇ ಬಿಡುವುದಿಲ್ಲ. ಅಜ್ಜಿಯ ಮಡಿಬಟ್ಟೆಯ ಲೆಕ್ಕ. ನನಗೆ ಇಷ್ಟವಾದ ಉಪಾಯ, ಆದರೆ ಬೇರೆ ಭಾಷೆಗಳಲ್ಲಿ ಅಷ್ಟಾಗಿ ಬೇರೂರಲಿಲ್ಲ. ಪೈಥಾನ್ 2004ರಲ್ಲಿ, 2.4ನೇ ಆವೃತ್ತಿಯಲ್ಲಿ, ಬೇರೆ ಪ್ರೋಗ್ರಾಂಗಳನ್ನು ಓಡಿಸುವ 'ಸಬ್‌ಪ್ರೊಸೆಸ್' ತಂದಿತು. ಅದರಲ್ಲಿ ಆರ್ಗ್ಯುಮೆಂಟುಗಳನ್ನು ಲಿಸ್ಟ್ ಮಾಡಿ ಕೊಡಬಹುದು. ಶೆಲ್ ಬೇಕೆಂದರೆ 'ಶೆಲ್ = ಟ್ರೂ' ಎಂದು ಬಾಯಿಬಿಟ್ಟು ಹೇಳಬೇಕು. ಅಂದರೆ 1971ರ ಪೊಟ್ಟಣಗಳಿಗೇ ವಾಪಸ್. ನಾನೂ ಕೊನೆಗೆ ಅಲ್ಲಿಗೇ ಹೋದೆ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಹಳೇ ವರದಿಗಳನ್ನು ಓದುತ್ತಾ ಕೂತಾಗ ಇಮೇಜ್‌ಮ್ಯಾಜಿಕ್‌ನ ಕಥೆ ಸಿಕ್ಕಿತು. 2016ರ ಮೇ ತಿಂಗಳು. ಅದಕ್ಕೆ ಕೆಲವು ಕೆಲಸ ತಾನೇ ಮಾಡಲು ಬರುವುದಿಲ್ಲ. ಚಿತ್ರದೊಳಗೆ ವೆಬ್ ವಿಳಾಸ ಇದ್ದರೆ ಅದನ್ನು ತರಲು ಬೇರೆ ಪ್ರೋಗ್ರಾಂ ಕರೆಯುತ್ತದೆ. ಕರೆಯುವುದು ಹೇಗೆ? ವಿಳಾಸವನ್ನು ಒಂದು ಸಾಲಿನೊಳಗೆ ಅಂಟಿಸಿ ಶೆಲ್‌ಗೆ ಕೊಟ್ಟು! ನಾನು ಎಷ್ಟು ಜೋಪಾನವಾಗಿ ಪೊಟ್ಟಣ ಕಟ್ಟಿದರೂ ಅದು ಒಳಗೆ ಹೋಗಿ ಎಲ್ಲ ಬಿಚ್ಚಿ ಕಲಸುತ್ತಿತ್ತು. ಹಾಗೆ ಬರೆದ 'ಚಿತ್ರ' ಒಂದನ್ನು ಅಪ್‌ಲೋಡ್ ಮಾಡಿದರೆ ಸರ್ವರ್ ಕೈಗೆ ಬರುತ್ತಿತ್ತು. ನಾನು ಗಿರಾಕಿಗಳ ವಾಟ್ಸಾಪ್ ಚಿತ್ರಗಳನ್ನು ಕೊಡುತ್ತಿದ್ದದ್ದು ಇದೇ ಕನ್ವರ್ಟ್‌ಗೆ. ಅಂಗಡಿಯಲ್ಲಿದ್ದದ್ದು ತಿದ್ದಿದ ಆವೃತ್ತಿಯೇ. ಆದರೂ ಒಂದು ಕ್ಷಣ ಮೈ ಬೆವರಿತು. ಆವತ್ತೇ ಅದು ಏನೇನು ಮಾಡಬಹುದು ಎಂದು ಹೇಳುವ ಪಾಲಿಸಿ ಫೈಲ್ ತೆರೆದು, ನಮಗೆ ಬೇಡದ ಬಗೆಗಳನ್ನೆಲ್ಲ ಮುಚ್ಚಿದೆ.

2014ರ ಸೆಪ್ಟೆಂಬರಿನ ಶೆಲ್‌ಶಾಕ್ ಇನ್ನೊಂದು ಜಾತಿ. ಸ್ಟೆಫಾನ್ ಶಾಝೆಲಾ ಎಂಬವರು ಕಂಡುಹಿಡಿದ ಈ ದೋಷ ಬ್ಯಾಶ್ ಶೆಲ್‌ನಲ್ಲಿ 1989ರಿಂದಲೂ ಇತ್ತು. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ದಾಟಿಸುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ಫಂಕ್ಷನ್ ಹಾಗೆ ಕಾಣುವ ಬರಹ ಇದ್ದರೆ, ಅದರ ಬಾಲದಲ್ಲಿರುವ ಕಮಾಂಡನ್ನೂ ಬ್ಯಾಶ್ ಓಡಿಸುತ್ತಿತ್ತು. ಪಾಪ, ಪ್ರೋಗ್ರಾಂ ಬರೆದವನು ಎಲ್ಲ ಸರಿ ಮಾಡಿದ್ದರೂ ಎಲ್ಲೋ ಒಂದು ಕಡೆ ಬ್ಯಾಶ್ ಎದ್ದರೆ ಸಾಕಿತ್ತು.

ಪೊಟ್ಟಣ ಕಟ್ಟುವುದರಲ್ಲೂ ಒಂದು ಕಿತಾಪತಿ ಇದೆ. ಹೆಸರು '-' ಇಂದ ಶುರುವಾದರೆ ಕರೆಸಿಕೊಂಡ ಪ್ರೋಗ್ರಾಂ ಅದನ್ನು ಹೆಸರು ಎಂದು ನೋಡುವುದಿಲ್ಲ, ಆಪ್ಷನ್ ಎಂದು ನೋಡುತ್ತದೆ. 2017ರಲ್ಲಿ, ಪ್ರೋಗ್ರಾಂಗಳ ಆವೃತ್ತಿಗಳನ್ನು ಕಾಪಿಡುವ ಗಿಟ್ ಸಿಕ್ಕಿಬಿದ್ದದ್ದು ಹೀಗೇ. ಸರ್ವರಿನ ಹೆಸರಿನ ಜಾಗದಲ್ಲಿ '-' ಇಂದ ಶುರುವಾಗುವ ಮಾತು ಕೊಟ್ಟರೆ, ದೂರದ ಸರ್ವರಿಗೆ ಸಂಪರ್ಕಿಸಲು ಅದು ಕರೆಯುವ ಎಸ್‌ಎಸ್‌ಎಚ್ ಅದನ್ನು ಅಪ್ಪಣೆಯಾಗಿ ತೆಗೆದುಕೊಳ್ಳುತ್ತಿತ್ತು. ಇದಕ್ಕೆ ಎಷ್ಟೋ ಪ್ರೋಗ್ರಾಂಗಳಲ್ಲಿ '--' ಎಂಬ ಗಡಿಕಲ್ಲು ನಡೆಯುತ್ತದೆ: ಇಲ್ಲಿಂದಾಚೆ ಆಪ್ಷನ್ ಇಲ್ಲ. ಎಲ್ಲದರಲ್ಲೂ ಅಲ್ಲ.

ವಿಂಡೋಸ್‌ನಲ್ಲಂತೂ ಕೆಳಗಿಳಿದರೆ ಪೊಟ್ಟಣಗಳೇ ಇಲ್ಲ, ಒಂದೇ ಉದ್ದದ ಸಾಲು. 2024ರ ಏಪ್ರಿಲ್‌ನಲ್ಲಿ ಸುರಕ್ಷತೆಗೇ ಹೆಸರಾದ ರಸ್ಟ್ ಭಾಷೆಯೂ ಬ್ಯಾಚ್ ಫೈಲುಗಳ (ವಿಂಡೋಸ್ ಕಮಾಂಡುಗಳನ್ನು ಬರೆದಿಟ್ಟ ಫೈಲುಗಳು) ವಿಷಯದಲ್ಲಿ ಎಡವಿ, 1.77.2 ಆವೃತ್ತಿ ಬಿಡಬೇಕಾಯಿತು. ಪೇಜ್‌ಮೇಕರ್‌ಗೋಸ್ಕರ ಇಟ್ಟ ಅಂಗಡಿಯ ಹಳೇ ವಿಂಡೋಸ್ ಕಂಪ್ಯೂಟರಿಗೆ ನನ್ನ ಪ್ರೋಗ್ರಾಂ ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು.

ಈಗ ಫೋಲ್ಡರಿಗೆ ಫೈಲ್ ಬಿದ್ದ ಕೂಡಲೇ ನನ್ನ ಪ್ರೋಗ್ರಾಂ ಅದಕ್ಕೆ ಒಂದು ನಂಬರ್ ಕೊಡುತ್ತದೆ. ಕನ್ವರ್ಟ್‌ಗೆ ಕಾಣುವುದು 0417 ಎಂಬಂಥ ಹೆಸರು ಮಾತ್ರ, ಅದೂ ಫೋಲ್ಡರಿನ ಪೂರ್ತಿ ವಿಳಾಸದೊಂದಿಗೆ, ಪೊಟ್ಟಣ ಕಟ್ಟಿ. ಅರ್ಧ ನಿಮಿಷದಲ್ಲಿ ಮುಗಿಸದಿದ್ದರೆ ನಿಲ್ಲಿಸಿಬಿಡುತ್ತದೆ. ಗಿರಾಕಿ ಇಟ್ಟ ಹೆಸರು ಬೇರೆ ಪಟ್ಟಿಯಲ್ಲಿ ಹಾಗೇ ಇರುತ್ತದೆ.

ಮೊನ್ನೆ ಅಂಗಡಿಗೆ ಹೋಗಿದ್ದೆ. ಅಂಗಡಿಯ ಅಣ್ಣ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು.

"ಹಾಗಾದ್ರೆ ಇನ್ನು ಸ್ಪೇಸ್ ಹಾಕ್ಬಹುದಾ?"

"ಧಾರಾಳ ಹಾಕಿ ಅಣ್ಣಾ."